ತಾನಾಗಿ ಹೋದ ಜೋಮು

ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಬೆಳೆದವನು ನಾನು. ಹಾಸಿನಲ್ಲಿ ಕಡಿದ ರೇಷ್ಮೆ ಎಳೆಯನ್ನು ಕಣ್ಣಿಗಿಂತ ಮೊದಲು ಬೆರಳು ಗುರುತಿಸುತ್ತದೆ. ಮೂವತ್ತರ ಪ್ರಾಯದಲ್ಲಿ ನನ್ನ ಬೆರಳುಗಳು ಜೋಮು ಹಿಡಿದು ಎಳೆಯ ಸ್ಪರ್ಶವನ್ನೇ ಮರೆತವು. ದುಡಿಮೆಯ ದಣಿವೆಂದು ಸುಮ್ಮನಿದ್ದೆ. ಮೂರು ವಾರಗಳಲ್ಲಿ ತಾನಾಗಿ ಹೋಯಿತು. ಚೆಲ್ಲೊ ವಾದಕಿ ಜಾಕ್ವೆಲಿನ್ ದು ಪ್ರೇ ಅವರ ಬದುಕನ್ನು ಓದಿದ್ದು ಆಮೇಲೆ.

1945ರ ಜನವರಿ 26ರಂದು ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಆಕೆ ನಾಲ್ಕರ ವಯಸ್ಸಿನಲ್ಲೇ ರೇಡಿಯೊದಲ್ಲಿ ಚೆಲ್ಲೊ ಕೇಳಿ, ಆ ವಾದ್ಯವೇ ಬೇಕೆಂದು ಹಟ ಹಿಡಿದರು. 1961ರಲ್ಲಿ, ಹದಿನಾರರ ಹರೆಯದಲ್ಲಿ, ಲಂಡನ್ನಿನ ವಿಗ್‌ಮೋರ್ ಹಾಲ್‌ನಲ್ಲಿ ಕಛೇರಿ ನೀಡಿದರು. 1965ರಲ್ಲಿ ಅವರು ನುಡಿಸಿದ ಎಲ್ಗರ್ ಕೃತಿಯ ಧ್ವನಿಮುದ್ರಿಕೆಗೆ ಇಂದಿಗೂ ಕೇಳುಗರಿದ್ದಾರೆ. 1967ರಲ್ಲಿ ಪಿಯಾನೊ ವಾದಕ ಡೇನಿಯಲ್ ಬ್ಯಾರನ್‌ಬಾಯಿಮ್ ಅವರನ್ನು ಮದುವೆಯಾದರು.

1971ರ ಹೊತ್ತಿಗೆ ಅವರ ಬೆರಳುಗಳ ಸಂವೇದನೆ ಕುಂದತೊಡಗಿತು. ಬಂದು ಹೋಗುತ್ತಿದ್ದ ಬಾಧೆಗೆ ದಣಿವು, ಮನಸ್ಸಿನ ಒತ್ತಡ ಎಂಬ ವಿವರಣೆಗಳು ಸಿಕ್ಕವು. 1973ರ ಆರಂಭದಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ತಂತಿ ಬೆರಳಿಗೆ ತಿಳಿಯದೆ, ಕಣ್ಣಿನಿಂದ ನೋಡಿ ಬೆರಳೂರಬೇಕಾಯಿತು. ಅದೇ ಅಕ್ಟೋಬರಿನಲ್ಲಿ ರೋಗಕ್ಕೆ ಹೆಸರು ಸಿಕ್ಕಿತು: ಮಲ್ಟಿಪಲ್ ಸ್ಕ್ಲೆರೋಸಿಸ್. ಆಗ ಅವರಿಗೆ ಇಪ್ಪತ್ತೆಂಟು. ವಾದನ ನಿಂತರೂ ಆಗುವಷ್ಟು ಕಾಲ ಶಿಷ್ಯರಿಗೆ ಪಾಠ ಹೇಳಿದ ಅವರು 1987ರ ಅಕ್ಟೋಬರ್ 19ರಂದು, ನಲವತ್ತೆರಡರಲ್ಲಿ ತೀರಿಕೊಂಡರು.

ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯ ಮೇಲೆ ದಾಳಿ ಮಾಡುವುದು ಈ ರೋಗದ ಬಗೆ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ನಡುವೆ, ಪುರುಷರಿಗಿಂತ ಮಹಿಳೆಯರಲ್ಲಿ ಅಧಿಕವಾಗಿ ಕಾಣಿಸಿಕೊಳ್ಳುತ್ತದೆ. ಒಂದು ಕಣ್ಣು ನೋವಿನೊಡನೆ ಮಸುಕಾಗುವುದು, ಕೈಕಾಲು ಜೋಮು, ನಡಿಗೆಯ ತೂಕ ತಪ್ಪುವುದು ಮೊದಲ ಸೂಚನೆಗಳಾಗಬಹುದು. ಅವು ದಿನ, ವಾರಗಟ್ಟಲೆ ಇದ್ದು ಕಡಿಮೆಯಾಗುತ್ತವೆ. ನಾವು ಮೋಸ ಹೋಗುವುದು ಅಲ್ಲಿಯೇ.

ಎರಡು ವರ್ಷಗಳ ನಂತರ ನನ್ನ ಬಲಗಣ್ಣು ಮಸುಕಾದಾಗ ಬೆಂಗಳೂರಿನ ನರರೋಗ ತಜ್ಞರ ಬಳಿ ಹೋದೆ. ಹಿಂದೆ ಏನಾದರೂ ಬಂದು ತಾನಾಗಿ ಹೋದದ್ದುಂಟೇ ಎಂದು ಅವರು ವಿಚಾರಿಸಿದಾಗಲೇ ನನಗೆ ಆ ಜೋಮು ನೆನಪಾದದ್ದು. ಮುಂದೆ ಎಂಆರ್‌ಐ, ಬೆನ್ನುಹುರಿ ದ್ರವದ ಪರೀಕ್ಷೆ. ಬಿ12 ಕೊರತೆಯಿಂದಲೂ ಜೋಮು ಬರುವುದರಿಂದ ರಕ್ತಪರೀಕ್ಷೆ. ಬೆರಳು ಮತ್ತು ಕಣ್ಣಿನ ಎರಡು ಕಥೆಗಳು ಕೂಡಿ ಒಂದು ರೋಗವಾಯಿತು.

ದು ಪ್ರೇ ಅವರ ರೋಗಕ್ಕೆ ಹೆಸರು ಸಿಕ್ಕಾಗ ಎಂಆರ್‌ಐ ವೈದ್ಯರ ಕೈಗೆ ಬಂದಿರಲಿಲ್ಲ. ರೋಗದ ಓಟ ತಗ್ಗಿಸುವ ಔಷಧಿಗಳೂ ಇರಲಿಲ್ಲ. ಪೂರ್ಣ ಗುಣ ಇಂದಿಗೂ ಇಲ್ಲವಾದರೂ ಬೇಗ ಆರಂಭಿಸಿದ ಚಿಕಿತ್ಸೆ ಮರುಕಳಿಕೆಯನ್ನು ಕಡಿಮೆ ಮಾಡಬಲ್ಲದು. ಜೋಮೆಲ್ಲ ಈ ರೋಗವಲ್ಲ. ಆದರೆ ದಿನ ಕಳೆದರೂ ಇಳಿಯದ ಜೋಮಿನ ತಾರೀಖನ್ನು ಬರೆದಿಟ್ಟುಕೊಂಡು, ಅದು ಹೋದ ಮೇಲೂ ವೈದ್ಯರಿಗೆ ಹೇಳಬೇಕು. ನಾನು ಹೇಳದೆ ಎರಡು ವರ್ಷ ಕಳೆದುಕೊಂಡೆ.