ಮನೆಗೆ ಮರಳಿದವರೊಡನೆ ಮನೆಯೂ ಗುಣವಾಗಲಿ: ಲೋಯಿಸ್ ವಿಲ್ಸನ್ ಅವರ ಬದುಕು



ವ್ಯಸನಮುಕ್ತಿ ಕೇಂದ್ರದಲ್ಲಿ ಚಿಕಿತ್ಸೆ ಮುಗಿಸಿ ಮಗನೋ ಪತಿಯೋ ಮನೆಗೆ ಮರಳಿದಾಗ, ಇನ್ನು ಮುಂದೆ ಇವನನ್ನು ಕಾಯುವುದು ಹೇಗೆಂಬ ಚಿಂತೆ ಮನೆಯವರನ್ನು ಕಾಡುತ್ತದೆ. ಆದರೆ ವರ್ಷಗಟ್ಟಲೆ ನೊಂದ ತಮ್ಮ ಮನಸ್ಸಿಗೂ ಚಿಕಿತ್ಸೆ ಬೇಕೆಂಬುದು ಅವರಿಗೆ ಹೊಳೆಯುವುದು ಅಪರೂಪ. ಈ ಸತ್ಯವನ್ನು ತಮ್ಮ ಬದುಕಿನಲ್ಲಿಯೇ ಕಂಡುಕೊಂಡು ಲೋಕಕ್ಕೆ ತಿಳಿಸಿದವರು ಅಮೆರಿಕದ ಲೋಯಿಸ್ ವಿಲ್ಸನ್. ಅವರ ಜೀವನವನ್ನು ಇಲ್ಲಿ ನೆನೆಯುತ್ತೇವೆ.

ಲೋಯಿಸ್ ಅವರು 1891ರ ಮಾರ್ಚ್ 4ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವೈದ್ಯರೊಬ್ಬರ ಮಗಳಾಗಿ ಜನಿಸಿದರು. 1918ರ ಜನವರಿ 24ರಂದು ಬಿಲ್ ವಿಲ್ಸನ್ ಅವರನ್ನು ವಿವಾಹವಾದರು. ಬಿಲ್ ಪ್ರತಿಭಾವಂತರು, ಷೇರು ಪೇಟೆಯಲ್ಲಿ ಹೆಸರು ಮಾಡಿದವರು. ಆದರೆ ಮದ್ಯಪಾನವು ಅವರ ಬದುಕನ್ನು ಮೆಲ್ಲಮೆಲ್ಲನೆ ನುಂಗತೊಡಗಿತು. ಪತಿಯನ್ನು ಕುಡಿತದ ಸಹವಾಸದಿಂದ ದೂರವಿರಿಸುವ ಆಸೆಯಿಂದ ಲೋಯಿಸ್ 1925ರಲ್ಲಿ ಅವರೊಡನೆ ಮೋಟಾರ್ ಸೈಕಲ್ಲಿನಲ್ಲಿ ದೇಶ ಸುತ್ತಲು ಹೊರಟರು. ಫಲ ಸಿಗಲಿಲ್ಲ. 1929ರ ಷೇರು ಪೇಟೆಯ ಕುಸಿತದಲ್ಲಿ ಇದ್ದ ಹಣವೂ ಹೋಯಿತು. ಮಕ್ಕಳ ಭಾಗ್ಯವಿಲ್ಲದ ಆ ಮನೆಯನ್ನು ಲೋಯಿಸ್ ಅವರೇ ಅಂಗಡಿಯಲ್ಲಿ ದುಡಿದು ನಡೆಸಿದರು. ತಮ್ಮ ಪ್ರೀತಿಯೊಂದೇ ಪತಿಯನ್ನು ಉಳಿಸಬಲ್ಲದೆಂದು ಅವರು ದೃಢವಾಗಿ ನಂಬಿದ್ದರು.

1934ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಮತ್ತೊಮ್ಮೆ ಸೇರಿದ ಬಿಲ್, ಈ ಬಾರಿ ಮದ್ಯವನ್ನು ಶಾಶ್ವತವಾಗಿ ತೊರೆದರು. ಕುಡಿತ ಬಿಟ್ಟ ಹಳೆಯ ಗೆಳೆಯನೊಬ್ಬನ ಮಾತು ಮತ್ತು ದೇವರಲ್ಲಿನ ಶರಣಾಗತಿ ಅವರಿಗೆ ಆಸರೆಯಾದವು. ಮರುವರ್ಷ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ಡಾಕ್ಟರ್ ಬಾಬ್ ಸ್ಮಿತ್ ಅವರೊಡನೆ ಸೇರಿ, ವ್ಯಸನಿಗಳು ಪರಸ್ಪರ ಕೈಹಿಡಿದು ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘಕ್ಕೆ ಅಡಿಪಾಯ ಹಾಕಿದರು.

ಲೋಯಿಸ್ ಅವರ ಬಹುಕಾಲದ ಪ್ರಾರ್ಥನೆ ಫಲಿಸಿತ್ತು. ಆದರೂ ಅವರ ಮನಸ್ಸು ಶಾಂತವಾಗಿರಲಿಲ್ಲ. ಪತಿಯ ಸಮಯವೆಲ್ಲವೂ ಹೊಸ ಸಂಗಾತಿಗಳಿಗೆ ಮೀಸಲಾಗಿತ್ತು. ಒಂದು ದಿನ, ಸಭೆಗೆ ತಡವಾಗುತ್ತದೆ ಎಂದು ಬಿಲ್ ಸಹಜವಾಗಿ ಹೇಳಿದ್ದಕ್ಕೆ, ಲೋಯಿಸ್ ಕೈಯಲ್ಲಿದ್ದ ಪಾದರಕ್ಷೆಯನ್ನೇ ಅವರತ್ತ ಎಸೆದುಬಿಟ್ಟರು. ಆ ಸಿಟ್ಟು ಸ್ವತಃ ಅವರನ್ನೇ ಬೆರಗುಗೊಳಿಸಿತು. ತಮ್ಮೊಳಗನ್ನು ಹೊಕ್ಕು ನೋಡಿದಾಗ ಕಾರಣ ತಿಳಿಯಿತು. ಹದಿನೇಳು ವರ್ಷಗಳ ತಮ್ಮ ಸೇವೆಯಿಂದಾಗದ ಕಾರ್ಯ ಅನ್ಯರಿಂದಾಯಿತಲ್ಲ ಎಂಬ ನೋವು ಅದು. ಪತಿಯನ್ನು ಉಳಿಸುವವಳು ನಾನೇ ಎಂಬ ಭಾವ ಪ್ರೀತಿಯ ಮರೆಯಲ್ಲಿ ಅಡಗಿತ್ತು. ಪತಿಗೆ ಬೇಕಾದ ಅಂತರಂಗದ ಸಾಧನೆ ತಮಗೂ ಬೇಕೆಂದು ಅವರು ಅಂದು ಅರಿತರು.

ಬ್ರೂಕ್ಲಿನ್‌ನ ಅವರ ಮನೆ ವ್ಯಸನಿಗಳ ಆಶ್ರಯತಾಣವಾಯಿತು. ಬಂದವರಿಗೆ ಲೋಯಿಸ್ ಅಡುಗೆ ಮಾಡಿ ಬಡಿಸಿದರು. 1939ರಲ್ಲಿ ಸಾಲದ ಕಾರಣ ಆ ಮನೆಯೂ ಕೈಬಿಟ್ಟಿತು. 1941ರಲ್ಲಿ ಬೆಡ್‌ಫರ್ಡ್ ಹಿಲ್ಸ್‌ನಲ್ಲಿ ನೆಲೆ ದೊರೆಯುವವರೆಗೆ ದಂಪತಿಗಳು ಪರರ ಮನೆಗಳಲ್ಲಿ ದಿನ ಕಳೆದರು. ಪುರುಷರು ಸಭೆಯಲ್ಲಿದ್ದಾಗ ಹೊರಗೆ ಕಾಯುತ್ತಿದ್ದ ಪತ್ನಿಯರು ತಮ್ಮತಮ್ಮೊಳಗೆ ನೋವು ಹಂಚಿಕೊಳ್ಳುತ್ತಿದ್ದರು. ಆ ಮಾತುಕತೆಯೇ ಬೆಳೆದು, 1951ರಲ್ಲಿ ಲೋಯಿಸ್ ಮತ್ತು ಅವರ ನೆರೆಯ ಗೆಳತಿಯ ಶ್ರಮದಿಂದ ಅಲ್-ಅನಾನ್ ಎಂಬ ಕುಟುಂಬದವರ ಸಂಘವಾಯಿತು. ವ್ಯಸನಿಗಳಿಗಾಗಿ ರಚಿತವಾದ ಹನ್ನೆರಡು ಹೆಜ್ಜೆಗಳನ್ನೇ ಈ ಸಂಘವೂ ಸ್ವೀಕರಿಸಿತು. ಬದಲಾದದ್ದು ಕೊನೆಯ ಹೆಜ್ಜೆಯ ಒಂದೇ ಪದ. ಕುಟುಂಬದ ಗುಣಮುಖತೆಗೆ ಬೇರೆ ದಾರಿ ಇಲ್ಲವೆಂಬುದೇ ಇದರ ತಿರುಳು. ಮುಂದೆ ಮಾದಕ ವಸ್ತುಗಳಿಗೆ ಬಲಿಯಾದವರಿಗಾಗಿ ನಾರ್ಕೋಟಿಕ್ಸ್ ಅನಾನಿಮಸ್, ಅವರ ಮನೆಯವರಿಗಾಗಿ ನಾರ್-ಅನಾನ್ ಸಂಘಗಳು ಇದೇ ಮಾರ್ಗದಲ್ಲಿ ಹುಟ್ಟಿದವು.

ಲೋಯಿಸ್ ಅವರ ಬದುಕಿನಿಂದ ನಾವು ಕಲಿಯಬೇಕಾದದ್ದೇನು? ಮರಳಿ ಬಂದವರ ಜೇಬು ತಡಕುವುದು, ಹಳೆಯ ತಪ್ಪುಗಳನ್ನು ಎತ್ತಿ ಹಂಗಿಸುವುದು, ಅವರು ಮಾಡಿದ ಸಾಲವನ್ನು ಗುಟ್ಟಾಗಿ ತೀರಿಸುವುದು, ಇವು ಯಾವುವೂ ಆಸರೆಯಲ್ಲ. ಅವರ ಕಾಯಕವನ್ನು ಅವರಿಗೇ ಬಿಡಬೇಕು. ಅವರು ವೈದ್ಯರಲ್ಲಿಗೋ ಸಂಗಾತಿಗಳ ಸಭೆಗೋ ಹೊರಟಾಗ ಅಸೂಯೆಯಿಲ್ಲದೆ ಕಳುಹಿಸಬೇಕು. ಒಂದು ವೇಳೆ ಮತ್ತೆ ಎಡವಿದರೆ, ನಮ್ಮ ಪ್ರೀತಿ ಸೋತಿತೆಂದು ಕುಸಿಯದೆ, ಮರ್ಯಾದೆಗೆ ಅಂಜಿ ಮುಚ್ಚಿಡದೆ, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮಾದಕ ವಸ್ತುವನ್ನು ಕೆಲಕಾಲ ಬಿಟ್ಟ ದೇಹಕ್ಕೆ ಹಿಂದಿನ ತಾಳಿಕೆ ಇರುವುದಿಲ್ಲ. ಹಿಂದಿನ ಪ್ರಮಾಣವೇ ಪ್ರಾಣ ತೆಗೆಯಬಹುದು. ಇಲ್ಲಿ ವಿಳಂಬ ಸಲ್ಲದು.

ಬಿಲ್ ಅವರು ಕೊನೆಯುಸಿರಿನವರೆಗೂ ಮದ್ಯವನ್ನು ಮುಟ್ಟಲಿಲ್ಲ. 1971ರ ಜನವರಿ 24ರಂದು, ತಮ್ಮ ವಿವಾಹದ ದಿನದಂದೇ, ಅವರು ಅಗಲಿದರು. ಲೋಯಿಸ್ ಸೇವೆಯನ್ನು ಮುಂದುವರಿಸಿ, 97 ವರ್ಷಗಳ ತುಂಬು ಬಾಳನ್ನು ಬಾಳಿ 1988ರ ಅಕ್ಟೋಬರ್ 5ರಂದು ನಿಧನರಾದರು.

ಮಾಡುವವನು ನಾನೆಂಬ ಭಾವ ಅಳಿದಾಗಲೇ ಸೇವೆಯು ದಾಸೋಹವಾಗುತ್ತದೆ ಎಂದು ನಮ್ಮ ಶರಣರು ಬೋಧಿಸಿದರು. ಪರರನ್ನು ತಿದ್ದುವ ಮುನ್ನ ತಮ್ಮ ಮನವನ್ನು ಸಂತೈಸಿಕೊಳ್ಳುವ ಮಾರ್ಗವನ್ನೂ ತೋರಿದರು. ದೂರದೇಶದ ಈ ಸಾಧ್ವಿ ನೋವಿನ ಹಾದಿಯಲ್ಲಿ ನಡೆದು ತಲುಪಿದ್ದೂ ಅದೇ ನೆಲೆಯನ್ನು. ವ್ಯಸನದಿಂದ ಹೊರಬಂದವರು ಇರುವ ಪ್ರತಿಯೊಂದು ಮನೆಯಲ್ಲಿಯೂ ಈ ಅರಿವು ಬೆಳಗಲೆಂದು ಹಾರೈಸುತ್ತೇವೆ.