ಬಿದ್ದು ಎದ್ದ ಆರ್ವಿಲ್ ರೈಟ್

ಬಿಡದಿಯಲ್ಲಿ ನಾನಿರುವ ಬೀದಿಯ ತುದಿಗೆ ಸೈಕಲ್ ರಿಪೇರಿಯ ಅಂಗಡಿಯೊಂದಿದೆ. ಅದರ ಒಡೆಯರಾದ ವೃದ್ಧರು ಕೆಟ್ಟ ಸೈಕಲ್ಲನ್ನು ಕಂಡೊಡನೆ ಸ್ಪ್ಯಾನರಿಗೆ ಕೈಹಾಕುವವರಲ್ಲ. ಚಕ್ರವನ್ನೊಮ್ಮೆ ತಿರುಗಿಸಿ, ಅದರ ಸದ್ದಿಗೆ ಕಿವಿಗೊಟ್ಟು, ಅನಂತರವೇ ಕೆಲಸಕ್ಕೆ ತೊಡಗುತ್ತಾರೆ. ಅವರನ್ನು ನೋಡಿದಾಗಲೆಲ್ಲ ನನಗೆ ಆರ್ವಿಲ್ ರೈಟನ ನೆನಪಾಗುತ್ತದೆ. ಆತನೂ ಸೈಕಲ್ ಅಂಗಡಿಯವನೇ.

ಆರ್ವಿಲನು 1871ರಲ್ಲಿ ಅಮೆರಿಕದ ಡೇಟನ್ ಪಟ್ಟಣದಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದನು. ಆತನಿಗಾಗಲಿ ಅಣ್ಣ ವಿಲ್ಬರನಿಗಾಗಲಿ ಕಾಲೇಜಿನ ಪದವಿ ಇರಲಿಲ್ಲ. ಸೈಕಲ್ಲುಗಳನ್ನು ಮಾಡಿ ಮಾರುತ್ತಿದ್ದ ಅಂಗಡಿಯಲ್ಲಿಯೇ ಅವರು ವಿಮಾನವನ್ನೂ ಕಟ್ಟಿದರು. ಮರದ ಪ್ರೊಪೆಲ್ಲರನ್ನು ಕೈಯಿಂದ ಕೆತ್ತಿ, ಸೈಕಲ್ಲಿನಂತೆಯೇ ಚೈನಿನಿಂದ ತಿರುಗಿಸಿದರು. 1903ರ ಡಿಸೆಂಬರ್ 17ರಂದು ಆರ್ವಿಲನು 12 ಸೆಕೆಂಡು ಹಾರಿ 120 ಅಡಿ ಸಾಗಿದುದನ್ನು ಶಾಲೆಯ ಮಕ್ಕಳೂ ಬಲ್ಲರು. ನಾನು ಹೇಳಹೊರಟಿರುವುದು ಅದಾದ ಐದು ವರ್ಷಗಳ ಮೇಲಿನ ಮಾತು.

1908ರ ಸೆಪ್ಟೆಂಬರ್ 17. ವಾಷಿಂಗ್ಟನ್ನಿಗೆ ಸಮೀಪದ ಫೋರ್ಟ್ ಮಯರ್ ಮೈದಾನದಲ್ಲಿ ಸೈನ್ಯದವರ ಮುಂದೆ ವಿಮಾನದ ಪರೀಕ್ಷೆ ನಡೆಯುತ್ತಿದ್ದಿತು. ಅಣ್ಣನು ದೂರದ ಫ್ರಾನ್ಸಿನಲ್ಲಿದ್ದನು. ಆರ್ವಿಲನ ಪಕ್ಕದಲ್ಲಿ ಕುಳಿತಿದ್ದವನು 26 ವರ್ಷದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್. ನೂರು ಅಡಿಗೂ ಮೇಲೆ ಸುತ್ತುತ್ತಿದ್ದಾಗ ಹಿಂದಿನಿಂದ ಟಕಟಕನೆ ಸಣ್ಣ ಸದ್ದೊಂದು ಕೇಳಿಸಿತು. ಆರ್ವಿಲನು ತಿರುಗಿ ನೋಡಿದನು, ಏನೂ ಕಾಣಲಿಲ್ಲ. ಆದರೂ ಎಂಜಿನನ್ನು ನಿಲ್ಲಿಸಿ, ಗಾಳಿಯಲ್ಲಿ ತೇಲುತ್ತ ಇಳಿಯುವುದೇ ಲೇಸೆಂದು ನಿಶ್ಚಯಿಸಿದನು. ಅಷ್ಟರಲ್ಲಿ ಕಾಲ ಮಿಂಚಿತ್ತು. ಸೀಳುಬಿಟ್ಟಿದ್ದ ಪ್ರೊಪೆಲ್ಲರು ಅದುರುತ್ತ, ಬಾಲದ ಚುಕ್ಕಾಣಿಯನ್ನು ಬಿಗಿದಿದ್ದ ತಂತಿಗೆ ತಾಗಿ ಅದನ್ನು ಕಿತ್ತಿತು. ಎಂಜಿನು ನಿಂತಿತಾದರೂ ವಿಮಾನವು ಮಾತು ಕೇಳದೆ ತಲೆಕೆಳಗಾಗಿ ಧುಮುಕಿತು. ನೆಲ ಸಮೀಪಿಸಿದಾಗ ಅದರ ಮೂತಿ ಮೇಲೇಳತೊಡಗಿದ್ದಿತು. ಇನ್ನಷ್ಟು ಎತ್ತರವಿದ್ದಿದ್ದರೆ ಇಬ್ಬರೂ ಉಳಿಯುತ್ತಿದ್ದರೇನೋ.

ಆ ಸಂಜೆಯೇ ಸೆಲ್ಫ್ರಿಜ್ ತೀರಿಕೊಂಡನು. ಎಂಜಿನ್ನಿನ ವಿಮಾನದ ಅಪಘಾತದಲ್ಲಿ ಪ್ರಾಣ ತೆತ್ತವರಲ್ಲಿ ಆತನೇ ಮೊದಲಿಗ. ಆರ್ವಿಲನ ಎಡತೊಡೆಯೂ ಪಕ್ಕೆಲುಬುಗಳೂ ಮುರಿದಿದ್ದವು. ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ತಂಗಿ ಕ್ಯಾಥರಿನ್ ರಜೆ ಹಾಕಿ ಧಾವಿಸಿ ಬಂದು, ವಾರಗಟ್ಟಲೆ ಅಣ್ಣನ ಶುಶ್ರೂಷೆ ಮಾಡಿದಳು. ಆಕೆ ಮತ್ತೆ ಪಾಠ ಹೇಳಲು ಹೋಗಲೇ ಇಲ್ಲ. ಉಪಾಧ್ಯಾಯನಾದ ನನ್ನ ಮನಸ್ಸು ಈ ಮಾತಿನ ಬಳಿ ತುಸು ನಿಲ್ಲುತ್ತದೆ.

ಮುರಿದ ಪ್ರೊಪೆಲ್ಲರಿನ ತುಂಡುಗಳನ್ನು ಹಾಸಿಗೆಯ ಬಳಿಗೇ ತಂದರು. ತನ್ನ ಕೈಕೆಲಸವೇ ಒಬ್ಬ ತರುಣನ ಪ್ರಾಣ ತೆಗೆದಿದೆಯೆಂದು ತಿಳಿದೂ ಆತನು ಮುಖ ತಿರುಗಿಸಲಿಲ್ಲ. ವಿಧಿಯ ಮೇಲೆ ಹೊರೆ ಹೊರಿಸಲೂ ಇಲ್ಲ. ಸೀಳು ಎಲ್ಲಿ, ಪೆಟ್ಟು ಎಲ್ಲಿ ಎಂದು ಪರಿಶೀಲಿಸಿ, ಬಿದ್ದ ಕಾರಣವನ್ನು ಎಳೆಎಳೆಯಾಗಿ ಬಿಡಿಸಿಕೊಂಡನು. ಮರುವರ್ಷ ಅದೇ ಮೈದಾನಕ್ಕೆ ಮರಳಿ, 1909ರ ಜುಲೈ 27ರಂದು ಲೆಫ್ಟಿನೆಂಟ್ ಲಾಮ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು 1 ಗಂಟೆ 12 ನಿಮಿಷ ಹಾರಿದನು. ಸೈನ್ಯವು ವಿಮಾನವನ್ನು ಕೊಂಡಿತು. 1912ರಲ್ಲಿ ವಿಲ್ಬರನು ವಿಷಮಶೀತಜ್ವರಕ್ಕೆ ತುತ್ತಾದನು. ಆರ್ವಿಲನು 1948ರವರೆಗೆ ಬದುಕಿದನು; ಆ ಪತನದ ನೋವೂ ಆತನೊಡನೆ ಬದುಕಿತು.

ತೊಡೆ ಮುರಿದ ವೀರನೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವವನು ರನ್ನನ ದುರ್ಯೋಧನ. ಆತನ ಛಲ ಕಡೆಯವರೆಗೂ ಸಂಧಿಗೆ ಒಪ್ಪದ ಛಲ. ಆರ್ವಿಲನದೂ ಛಲವೇ, ಆದರೆ ಅದು ತನ್ನ ಕೆಲಸದ ದೋಷವನ್ನು ಒಪ್ಪಿಕೊಳ್ಳುವುದರಿಂದ ಆರಂಭವಾಯಿತು. ಪರೀಕ್ಷೆಯಲ್ಲಿ ಸೋತು ಹಣೆಬರಹವನ್ನು ಹಳಿಯುತ್ತ ನನ್ನ ಬಳಿಗೆ ಬರುವ ಹುಡುಗರಿಗೆ ನಾನು ಈ ಎರಡನೆಯ ಛಲದ ಕಥೆಯನ್ನೇ ಹೇಳಿ ಕಳುಹಿಸುತ್ತೇನೆ.