ಕ್ವಾಂಗ್ ಟಾರ್ಟ್

ಪರದೇಶದಲ್ಲಿ ಬಾಳಿ, ಅಲ್ಲಿನ ಜನರ ಪ್ರೀತಿಯನ್ನು ಗಳಿಸಿಯೂ ತನ್ನವರನ್ನು ಮರೆಯದವರು ವಿರಳ. ಅಂಥವರಲ್ಲೊಬ್ಬರಾದ ಕ್ವಾಂಗ್ ಟಾರ್ಟರ ಜೀವನವನ್ನು ನಾವಿಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಅವರು 1850ರಲ್ಲಿ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಜನಿಸಿದರು. ಆಸ್ಟ್ರೇಲಿಯದಲ್ಲಿ ಚಿನ್ನ ದೊರೆಯುವ ಸುದ್ದಿ ಕೇಳಿ ಸಾವಿರಾರು ಬಡ ಚೀನೀಯರು ಕಡಲು ದಾಟುತ್ತಿದ್ದ ಕಾಲವದು. 1859ರಲ್ಲಿ ಒಂಬತ್ತು ವರ್ಷದ ಬಾಲಕ ಟಾರ್ಟ್, ಗಣಿಯಾಳುಗಳನ್ನು ಕರೆದೊಯ್ಯುತ್ತಿದ್ದ ಬಂಧುವೊಬ್ಬರೊಡನೆ ಹಡಗೇರಿ, ಬ್ರಿಟಿಷರ ವಸಾಹತಾದ ನ್ಯೂ ಸೌತ್ ವೇಲ್ಸ್ ಸೇರಿದರು. ಬ್ರೈಡ್‌ವುಡ್ ಗಣಿಪ್ರದೇಶದ ಸಿಂಪ್ಸನ್ ಕುಟುಂಬವು ಅವರನ್ನು ಮನೆಮಗನಂತೆ ಸಾಕಿ, ಇಂಗ್ಲಿಷ್ ಕಲಿಸಿತು. ಹದಿನೆಂಟು ತುಂಬುವಷ್ಟರಲ್ಲಿ ಅವರು ಧನವಂತರಾಗಿದ್ದರು. 1871ರಲ್ಲಿ ಆ ನಾಡಿನ ಪ್ರಜೆಯೂ ಆದರು.

ಆದರೆ ಈ ಭಾಗ್ಯ ಅವರ ದೇಶಬಾಂಧವರಿಗೆ ಲಭಿಸಲಿಲ್ಲ. ಬಿಳಿಯರು ಬಿಟ್ಟುಹೋದ ಮಣ್ಣನ್ನೇ ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಆ ಶ್ರಮಜೀವಿಗಳ ಮೇಲೆ ಮತ್ಸರ ಬೆಳೆಯಿತು. 1861ರಲ್ಲಿ ಲ್ಯಾಂಬಿಂಗ್ ಫ್ಲ್ಯಾಟ್ ಎಂಬಲ್ಲಿ ಉದ್ರಿಕ್ತ ಗುಂಪೊಂದು ಅವರ ಗುಡಾರಗಳನ್ನು ಸುಟ್ಟು, ಅವರನ್ನು ಹೊಡೆದಟ್ಟಿತು. ಅದೇ ವರ್ಷ ಸರಕಾರವು ಬಂದಿಳಿಯುವ ಪ್ರತಿಯೊಬ್ಬ ಚೀನೀಯನಿಗೆ 10 ಪೌಂಡು ತಲೆಗಂದಾಯ ವಿಧಿಸಿತು. 1867ರಲ್ಲಿ ರದ್ದಾದ ಈ ಕಂದಾಯ 1881ರಲ್ಲಿ ಮರಳಿ ಬಂದು, 1888ರಲ್ಲಿ 100 ಪೌಂಡಿಗೇರಿತು.

ಅಷ್ಟರಲ್ಲಿ ಟಾರ್ಟರು ಸಿಡ್ನಿ ನಗರದಲ್ಲಿ ಚಹದ ವ್ಯಾಪಾರ ಹೂಡಿ, ಚಹಗೃಹಗಳನ್ನು ತೆರೆದಿದ್ದರು. ಊರಿನ ಗಣ್ಯರು ಅಲ್ಲಿ ಸೇರುತ್ತಿದ್ದರು. ಅವರು ಹಾಡುವ ಸ್ಕಾಟ್ಲೆಂಡಿನ ಹಾಡುಗಳನ್ನು ಕೇಳಿ ನಲಿಯುತ್ತಿದ್ದರು. ಈ ಸ್ನೇಹವನ್ನು ಅವರು ಸ್ವಾರ್ಥಕ್ಕೆ ಮೀಸಲಿಡಲಿಲ್ಲ. ಭಾಷೆಯರಿಯದ ಚೀನೀಯರಿಗೆ ದುಭಾಷಿಯಾದರು; ತಮ್ಮ ಜನರನ್ನು ಹಾಳುಗೆಡವುತ್ತಿದ್ದ ಅಫೀಮಿನ ಆಮದನ್ನು ನಿಷೇಧಿಸಬೇಕೆಂದು ಸರಕಾರಕ್ಕೆ ಮನವಿಗಳನ್ನು ಸಲ್ಲಿಸಿದರು. ಚೀನೀಯರ ಮೇಲಿನ ಆಪಾದನೆಗಳನ್ನು ವಿಚಾರಿಸಲು 1891ರಲ್ಲಿ ನೇಮಕವಾದ ಆಯೋಗದಲ್ಲಿ ಸದಸ್ಯರೂ ಆಗಿದ್ದರು.

ಆದರೂ ಕಾನೂನು ಕರಗಲಿಲ್ಲ. 1901ರಲ್ಲಿ ಅದು ಇಡೀ ಆಸ್ಟ್ರೇಲಿಯವನ್ನು ವ್ಯಾಪಿಸಿತು. ಅಧಿಕಾರಿಯು ತಾನೇ ಆರಿಸಿದ ಯುರೋಪಿನ ಯಾವುದೋ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಹೇಳುವನು, ಬರೆಯಲಾರದವನಿಗೆ ಪ್ರವೇಶವಿಲ್ಲ! ಈ ಪರೀಕ್ಷೆ ರದ್ದಾದದ್ದು 1958ರಲ್ಲಿ.

1902ರಲ್ಲಿ ದುಷ್ಕರ್ಮಿಯೊಬ್ಬನು ಟಾರ್ಟರ ಕಚೇರಿಗೆ ನುಗ್ಗಿ, ಕಬ್ಬಿಣದ ಸಲಾಕೆಯಿಂದ ಹೊಡೆದನು. ಅವರ ದೇಹ ಮತ್ತೆ ಚೇತರಿಸಲಿಲ್ಲ. 1903ರ ಜುಲೈ 26ರಂದು ತೀರಿಕೊಂಡರು. ಬಿಳಿಯರೂ ಚೀನೀಯರೂ ಕೂಡಿ ಶೋಕಿಸಿದರು.

ಒಬ್ಬನನ್ನು ಮೆಚ್ಚಿ ಹಾರ ಹಾಕಿ, ಅವನ ಬಂಧುಗಳಿಗೆ ಬಾಗಿಲು ಮುಚ್ಚುವುದು ನ್ಯಾಯವಲ್ಲ. ನಮ್ಮ ಹಿರಿಯರೂ ದುಡಿಮೆಗಾಗಿ ಊರು ಬಿಟ್ಟು ಈ ನಗರಕ್ಕೆ ಬಂದವರೇ. ನಾಳೆ ಬೇರೊಂದು ನುಡಿಯಾಡುವ ಬಡವನೊಬ್ಬನು ನಮ್ಮ ಓಣಿಗೆ ಬಂದಾಗ, ನಾವು ಈ ಚರಿತ್ರೆಯನ್ನು ನೆನೆಯೋಣ.